ಗ್ರೀನ್ ಕಾರ್ಡ್ ಬಂತು, ಲೋಕಮ್ (ತಾತ್ಕಾಲಿಕ ಬದಲಿ ಡಾಕ್ಟರ್) ಕೆಲಸಕ್ಕೆ ಹೋಗಬಹುದಾ? ಏಜೆನ್ಸಿ ಕಾಂಟ್ರ್ಯಾಕ್ಟ್ ಬಗ್ಗೆ ಗೊತ್ತಿರುವವರು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಒಹಾಯೋದಲ್ಲಿ ಹಾಸ್ಪಿಟಲಿಸ್ಟ್ (ಆಸ್ಪತ್ರೆಯಲ್ಲಿ ದಾಖಲಾದ ರೋಗಿಗಳನ್ನು ನೋಡುವ ಡಾಕ್ಟರ್), ಊರು ತೀರ್ಥಹಳ್ಳಿ ಕಡೆ. ಜೆ-1 ವೇವರ್ (ತರಬೇತಿ ವೀಸಾ ಮುಗಿದ ಮೇಲೆ ಊರಿಗೆ ಮರಳದೆ, ಡಾಕ್ಟರ್ ಕೊರತೆ ಇರುವ ಕಡೆ ಕೆಲಸ ಮಾಡುವ ವಿನಾಯಿತಿ) ಮಾಡಿದ ಆಸ್ಪತ್ರೆಯಲ್ಲೇ ಇವತ್ತಿಗೂ ಇದ್ದೇನೆ. ವೀಸಾ ಅವರ ಕೈಯಲ್ಲಿತ್ತು, ಹಾಗಾಗಿ ಪಾಳಿ ಎಷ್ಟು ಹಾಕಿದರೂ ಬಾಯಿ ತೆರೆಯುವ ಹಾಗಿರಲಿಲ್ಲ. ಈ ವರ್ಷ ಗ್ರೀನ್ ಕಾರ್ಡ್ ಬಂತು.

ಕಳೆದ ವರ್ಷ ಅಪ್ಪನಿಗೆ ಬೈಪಾಸ್ ಆಯಿತು. ಅಮ್ಮ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ವರ್ಷಕ್ಕೆ ಎರಡು ಸಲವಾದರೂ ಊರಿಗೆ ಹೋಗಿ ಒಂದೊಂದು ತಿಂಗಳು ಇರಬೇಕು ಅಂತ ನನಗೆ ಬಹಳ ಆಸೆ. ಈಗಿನ ಕೆಲಸದಲ್ಲಿ ಅದು ಆಗದ ಮಾತು. ಲೋಕಮ್ ಮಾಡಿದರೆ ಆಗುತ್ತದೆ ಎಂದು ಗೆಳತಿಯರು ಹೇಳುತ್ತಿದ್ದಾರೆ.

ಒಂದು ಏಜೆನ್ಸಿಯವರು ಸೌತ್ ಡಕೋಟಾದ ಆಸ್ಪತ್ರೆಗೆ ಕರೆಯುತ್ತಿದ್ದಾರೆ. ಏಳು ದಿನ ಕೆಲಸ, ಏಳು ದಿನ ಬಿಡುವು, 12 ಗಂಟೆ ಪಾಳಿ, ಗಂಟೆಗೆ 170 ಡಾಲರ್. ವಿಮಾನ, ಹೋಟೆಲ್, ಬಾಡಿಗೆ ಕಾರು ಎಲ್ಲ ಅವರದ್ದೇ. ಕಾಂಟ್ರ್ಯಾಕ್ಟ್ ಓದಿದೆ. ಮೂರು ಕಡೆ ನಿಂತುಬಿಟ್ಟೆ. ನಾನು ಬಿಡುವುದಾದರೆ 30 ದಿನ ಮೊದಲೇ ಹೇಳಬೇಕಂತೆ, ಆಸ್ಪತ್ರೆಯವರು ಬಿಡಿಸುವುದಾದರೆ ಎಷ್ಟು ದಿನ ಎಂದು ಬರೆದೇ ಇಲ್ಲ. ಮಾಲ್‌ಪ್ರಾಕ್ಟಿಸ್ ಇನ್ಶೂರೆನ್ಸ್ (ಚಿಕಿತ್ಸೆ ತಪ್ಪಾಯಿತೆಂದು ಕೇಸ್ ಬಂದರೆ ರಕ್ಷಿಸುವ ವಿಮೆ) 'ಕ್ಲೇಮ್ಸ್-ಮೇಡ್' ಅಂತ ಇದೆ. ಮತ್ತೆ, ಎರಡು ವರ್ಷ ಆ ಆಸ್ಪತ್ರೆಗೆ ಇವರನ್ನು ಬಿಟ್ಟು ಬೇರೆ ದಾರಿಯಲ್ಲಿ ಸೇರುವ ಹಾಗಿಲ್ಲ.

ಇದೆಲ್ಲ ಮಾಮೂಲಾ? ಸಹಿ ಹಾಕಬಹುದಾ?

ಬಿಗ್‌ಸ್ಕೈ_ಹಾಸನ

ಸಹಿ ಹಾಕುವುದಕ್ಕೆ ಮೊದಲು ಹೇಳಿ, ಅವರಿಗೆ ಸಿವಿ ಕಳಿಸಿದ್ದೀರಾ? ಕಳಿಸಿದ್ದರೆ ಇವತ್ತೇ ಇಮೇಲ್ ಹಾಕಿ. ಆಸ್ಪತ್ರೆಯ ಹೆಸರು ಹೇಳಿ ನನ್ನ ಒಪ್ಪಿಗೆ ಪಡೆಯದೆ ಸಿವಿಯನ್ನು ಯಾರಿಗೂ ಕೊಡಬೇಡಿ ಅಂತ. ಫೋನಲ್ಲಿ ಹೇಳಿದರೆ ಸಾಲದು, ಬರಹದಲ್ಲೇ ಇರಬೇಕು.

ಯಾಕೆ ಅಂದರೆ, ನಿಮ್ಮ ಸಿವಿಯನ್ನು ಯಾವ ಏಜೆನ್ಸಿ ಮೊದಲು ಮುಂದಿಡುತ್ತದೋ ಆ ಆಸ್ಪತ್ರೆಯ ಮಟ್ಟಿಗೆ ನೀವು ಅವರ ಡಾಕ್ಟರ್ ಅಂತ ಲೆಕ್ಕ. ಎರಡು ಏಜೆನ್ಸಿಗಳು ಒಂದೇ ಆಸ್ಪತ್ರೆಗೆ ನಿಮ್ಮ ಹೆಸರು ಕಳಿಸಿದರೆ ಅವರಿಬ್ಬರೂ ಕಿತ್ತಾಡುತ್ತಾರೆ. ಆಸ್ಪತ್ರೆಯವರು ಈ ರಗಳೆಯೇ ಬೇಡ ಎಂದು ನಿಮ್ಮನ್ನು ಬಿಟ್ಟು ಬೇರೆಯವರನ್ನು ಕರೆಯುತ್ತಾರೆ.

30 ದಿನದ ವಿಷಯ: ಅದು ಎರಡೂ ಕಡೆಗೆ ಇರಬೇಕು. ಆಸ್ಪತ್ರೆಯವರು 30 ದಿನದೊಳಗೆ ರದ್ದು ಮಾಡಿದರೆ ಆ ಪಾಳಿಗಳ ಹಣ ನಿಮಗೆ ಬರಬೇಕು. ಇದನ್ನು ಬರೆಸಿಕೊಳ್ಳದೆ ಸಹಿ ಹಾಕಬೇಡಿ. ನನಗೆ ಒಂದು ಏಜೆನ್ಸಿ (ಹೆಸರು ಬೇಡ) ಹೊರಡುವ ವಾರದಲ್ಲಿ ಫೋನ್ ಮಾಡಿ "ಆಸ್ಪತ್ರೆಗೆ ಪರ್ಮನೆಂಟ್ ಡಾಕ್ಟರ್ ಸಿಕ್ಕರು, ಸಾರಿ" ಎಂದಿತು. ಆ ತಿಂಗಳು ಬೇರೆ ಎಲ್ಲ ಕೆಲಸಕ್ಕೂ ಆಗಲ್ಲ ಎಂದು ಹೇಳಿಯಾಗಿತ್ತು. ಮನೆ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ರದ್ದಾದ ಪಾಳಿಗೆ ಪರಿಹಾರ ಕೇಳಿದರೆ ಕಾಂಟ್ರ್ಯಾಕ್ಟ್ ತೋರಿಸಿದರು. ಇವತ್ತು ನೆನೆಸಿಕೊಂಡರೂ ಸಿಟ್ಟು ಬರುತ್ತದೆ.

ರಾತ್ರಿಪಾಳಿ

170 ಕಡಿಮೆ ಆಯಿತು. ಜನವರಿಯಲ್ಲಿ ಡಕೋಟಾಗೆ ಹೋಗಲು ಯಾರೂ ಸಿಗಲ್ಲ ಅಂತಲೇ ಅವರು ಏಜೆನ್ಸಿಗೆ ಬರುವುದು. ಜಾಸ್ತಿ ಕೇಳಿ.

ಬೆಣ್ಣೆದೋಸೆ_ದಾವಣಗೆರೆ

ಗಂಟೆ ದರ ಒಂದನ್ನೇ ನೋಡಬೇಡಿ. ಒಂದು ಪಾಳಿಗೆ ಎಷ್ಟು ರೋಗಿಗಳು? ಐಸಿಯು ನಿಮ್ಮದೇನಾ? ಇಂಟ್ಯುಬೇಷನ್, ಸೆಂಟ್ರಲ್ ಲೈನ್ ನೀವೇ ಹಾಕಬೇಕಾ? ರಾತ್ರಿ ಮನೆಯಿಂದ ಕಾಲ್ ಇದ್ದರೆ ಅದಕ್ಕೆ ಬೇರೆ ದರ ಇದೆಯಾ? 12 ಗಂಟೆ ದಾಟಿದರೆ? ಗಂಟೆಗೆ 10 ಡಾಲರ್ ಜಾಸ್ತಿ ಕೊಟ್ಟು 25 ರೋಗಿಗಳನ್ನು ಹೊರಿಸಿದರೆ ಏನು ಬಂತು?

ಹಿಂದೆ_ಏಜೆನ್ಸಿಯಲ್ಲಿದ್ದೆ

ಕೆಲವು ವರ್ಷ ನಾನೂ ಇಂಥದೇ ಕಂಪನಿಯಲ್ಲಿ ರಿಕ್ರೂಟರ್ ಆಗಿದ್ದೆ. ಒಳಗಿನ ವ್ಯವಹಾರ ಸ್ವಲ್ಪ ಹೇಳುತ್ತೇನೆ.

ಏಜೆನ್ಸಿ ಆಸ್ಪತ್ರೆಗೆ ಹಾಕುವ ದರ ಬೇರೆ, ಡಾಕ್ಟರಿಗೆ ಕೊಡುವ ದರ ಬೇರೆ. ಮಧ್ಯದ ಹಣದಲ್ಲಿ ಮಾಲ್‌ಪ್ರಾಕ್ಟಿಸ್ ಪ್ರೀಮಿಯಂ, ಲೈಸೆನ್ಸ್ ಮತ್ತು ಕ್ರೆಡೆನ್ಷಿಯಲಿಂಗ್ (ಡಾಕ್ಟರ ಅರ್ಹತೆ, ದಾಖಲೆಗಳ ಪರಿಶೀಲನೆ) ಮಾಡುವವರ ಸಂಬಳ, ರಿಕ್ರೂಟರ್ ಕಮಿಷನ್, ಕಂಪನಿ ಲಾಭ ಎಲ್ಲ ಸೇರುತ್ತದೆ. ಪ್ರಯಾಣ, ಹೋಟೆಲ್ ಖರ್ಚನ್ನು ಬಹಳ ಕಡೆ ಆಸ್ಪತ್ರೆಗೆ ಬೇರೆಯಾಗಿಯೇ ಬಿಲ್ ಮಾಡುತ್ತಾರೆ. ಅಂದರೆ "ನಿಮಗೆ ಹೋಟೆಲ್ ಕೊಡುತ್ತಿದ್ದೇವೆ, ಅದಕ್ಕೇ ದರ ಕಡಿಮೆ" ಎಂಬ ಮಾತು ನಂಬಬೇಡಿ.

ರಿಕ್ರೂಟರ್ ಮೊದಲು ಹೇಳುವ ದರ ಕೊನೆಯ ದರ ಅಲ್ಲ. ನಾವು ಫೋನ್ ಎತ್ತುವಾಗಲೇ ಎಷ್ಟರವರೆಗೆ ಹೋಗಬಹುದು ಎಂದು ಗೊತ್ತಿರುತ್ತಿತ್ತು. "ಆಸ್ಪತ್ರೆಗೆ ಎಷ್ಟು ಬಿಲ್ ಮಾಡುತ್ತೀರಿ?" ಎಂದು ನೇರವಾಗಿ ಕೇಳಿ. ಎಲ್ಲರೂ ಹೇಳಲ್ಲ. ಆದರೆ ಕೇಳಿದವರ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಎರಡು ವರ್ಷದ ಷರತ್ತು ಮಾಮೂಲು. ಆಸ್ಪತ್ರೆ ನಿಮ್ಮನ್ನು ನೇರವಾಗಿ ಸೇರಿಸಿಕೊಂಡರೆ ಏಜೆನ್ಸಿಗೆ ಬೈಔಟ್ ಹಣ ಕೊಡಬೇಕು. ಆ ಹಣ ಕೊಡಬೇಕಾದ್ದು ಆಸ್ಪತ್ರೆ, ನೀವಲ್ಲ. ಇದು ಕಾಂಟ್ರ್ಯಾಕ್ಟ್‌ನಲ್ಲಿ ಸ್ಪಷ್ಟವಾಗಿದೆಯಾ ನೋಡಿ. ಎರಡು ವರ್ಷವನ್ನು ಒಂದಕ್ಕೆ ಇಳಿಸಿ ಎಂದು ಕೇಳಬಹುದು. ಮುಖ್ಯವಾಗಿ, ಷರತ್ತು ಆ ಒಂದು ಆಸ್ಪತ್ರೆಗೆ ಮಾತ್ರವಾ, ಅಥವಾ ಆ ಹೆಲ್ತ್ ಸಿಸ್ಟಮ್‌ನ ಎಲ್ಲ ಆಸ್ಪತ್ರೆಗಳಿಗೂ ಅನ್ವಯವಾಗುತ್ತದಾ? ಡಕೋಟಾ ಕಡೆ ಒಂದೇ ಸಿಸ್ಟಮ್ ಕೈಯಲ್ಲಿ ಎಷ್ಟೋ ಊರುಗಳ ಆಸ್ಪತ್ರೆ ಇರುತ್ತವೆ.

ರಾತ್ರಿಪಾಳಿ

ಹಾಗಾದರೆ ಏಜೆನ್ಸಿ ಯಾಕೆ ಬೇಕು? ಆಸ್ಪತ್ರೆ ಜೊತೆ ನೇರವಾಗಿ ಮಾತಾಡಿದರೆ ಮಧ್ಯದವರ ಹಣ ನಮಗೇ ಬರುತ್ತದೆ ಅಲ್ವಾ?

ಬಿಗ್‌ಸ್ಕೈ_ಹಾಸನ

ಈಗ ನಾನು ಒಂದು ಕಡೆ ಹಾಗೇ ಮಾಡುತ್ತಿದ್ದೇನೆ. ಆದರೆ ಮೊದಲ ಕೆಲಸಕ್ಕೆ ಬೇಡ. ಇನ್ಶೂರೆನ್ಸ್ ನೀವೇ ಹುಡುಕಬೇಕು, ಇನ್‌ವಾಯ್ಸ್ ನೀವೇ ಕಳಿಸಬೇಕು, ಅವರು ಹಣ ತಡಮಾಡಿದರೆ ನೀವೇ ಬೆನ್ನು ಹತ್ತಬೇಕು. ಒಂದೆರಡು ವರ್ಷ ಏಜೆನ್ಸಿ ಮೂಲಕ ಮಾಡಿ ಕೆಲಸದ ಒಳಹೊರಗು ತಿಳಿಯಲಿ, ಆಮೇಲೆ ನೋಡಿ.

ಎರಡನೇ_ಅಭಿಪ್ರಾಯ

ಮಾಲ್‌ಪ್ರಾಕ್ಟಿಸ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಎಲ್ಲಕ್ಕಿಂತ ದೊಡ್ಡ ವಿಷಯ ಇದೇ.

'ಅಕರೆನ್ಸ್' ಪಾಲಿಸಿ ಅಂದರೆ, ನೀವು ಕೆಲಸ ಮಾಡಿದ ದಿನ ಪಾಲಿಸಿ ಇದ್ದರೆ ಸಾಕು. ಕೇಸ್ ಮೂರು ವರ್ಷ ಆದಮೇಲೆ ಬಂದರೂ ರಕ್ಷಣೆ ಇದೆ. 'ಕ್ಲೇಮ್ಸ್-ಮೇಡ್' ಹಾಗಲ್ಲ. ಕೇಸ್ ಬಂದ ದಿನವೂ ಪಾಲಿಸಿ ಜೀವಂತ ಇರಬೇಕು. ನೀವು ಆ ಊರು ಬಿಟ್ಟು ಬಂದಿರುತ್ತೀರಿ, ಪಾಲಿಸಿ ಮುಗಿದಿರುತ್ತದೆ, ಆಗ ನೋಟಿಸ್ ಬಂದರೆ ಗತಿ ಏನು? ಅದಕ್ಕೇ 'ಟೇಲ್' (ಪಾಲಿಸಿ ಮುಗಿದ ಮೇಲೆ ಬರುವ ಕೇಸಿಗೂ ರಕ್ಷಣೆ) ಬೇಕು. ಟೇಲ್ ಅನ್ನು ನಾವೇ ಕೊಳ್ಳಬೇಕಾದರೆ ವಾರ್ಷಿಕ ಪ್ರೀಮಿಯಂನ ದುಪ್ಪಟ್ಟಿನ ಆಸುಪಾಸು ಆಗುತ್ತದೆ.

ಒಳ್ಳೆಯ ಏಜೆನ್ಸಿಗಳು ಕ್ಲೇಮ್ಸ್-ಮೇಡ್ ಕೊಟ್ಟರೂ ಟೇಲ್ ತಾವೇ ಕೊಡುತ್ತವೆ. ಆ ಸಾಲು ನಿಮ್ಮ ಕಾಂಟ್ರ್ಯಾಕ್ಟ್‌ನಲ್ಲಿ ಇದೆಯಾ ಹುಡುಕಿ. ಮಿತಿ ಎಷ್ಟು ಎಂದೂ ನೋಡಿ. ಸಾಮಾನ್ಯವಾಗಿ ಒಂದು ಕೇಸಿಗೆ 10 ಲಕ್ಷ ಡಾಲರ್, ವರ್ಷಕ್ಕೆ ಒಟ್ಟು 30 ಲಕ್ಷ ಡಾಲರ್ ಇರುತ್ತದೆ. ಸರ್ಟಿಫಿಕೇಟ್ ಕಾಪಿ ತೆಗೆದುಕೊಂಡು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಎಲ್ಲಿ ಕ್ರೆಡೆನ್ಷಿಯಲಿಂಗ್ ಮಾಡಿದರೂ ಹಳೆಯ ಪಾಲಿಸಿಗಳ ವಿವರ ಕೇಳುತ್ತಾರೆ.

ಇನ್ನೊಂದು. ಈಗಿನ ಒಹಾಯೋ ಆಸ್ಪತ್ರೆ ಬಿಡುವಾಗ ಅಲ್ಲಿನ ಟೇಲ್ ಯಾರು ಕೊಡುತ್ತಾರೆ? ಹೊಸ ಕಾಂಟ್ರ್ಯಾಕ್ಟ್ ನೋಡುವ ಭರದಲ್ಲಿ ಹಳೆಯದನ್ನು ಓದದೆ ಬಿಡಬೇಡಿ. ಅಲ್ಲಿ ನಾನ್-ಕಂಪೀಟ್ (ಕೆಲಸ ಬಿಟ್ಟಮೇಲೆ ಪ್ರತಿಸ್ಪರ್ಧಿಗಳ ಬಳಿ ಸೇರಬಾರದು ಎಂಬ ಷರತ್ತು) ಕೂಡ ಇರಬಹುದು.

ಕಾವೇರಿ_ಟು_ಕೊಲರಾಡೋ

ನಾನ್-ಕಂಪೀಟ್ ಎಲ್ಲ ರದ್ದಾಯಿತು ಅಲ್ವಾ? ಫೆಡರಲ್ ಸರ್ಕಾರ ನಿಷೇಧ ತಂದಿತು ಎಂದು ಓದಿದ್ದೆ.

ಎರಡನೇ_ಅಭಿಪ್ರಾಯ

ಇಲ್ಲ. ಎಫ್‌ಟಿಸಿ (ಫೆಡರಲ್ ಟ್ರೇಡ್ ಕಮಿಷನ್) 2024ರಲ್ಲಿ ನಿಯಮ ತಂದದ್ದು ನಿಜ. ಅದು ಜಾರಿಗೆ ಬರುವ ಮೊದಲೇ, ಅದೇ ವರ್ಷ ಆಗಸ್ಟ್‌ನಲ್ಲಿ, ಟೆಕ್ಸಸ್‌ನ ಫೆಡರಲ್ ಕೋರ್ಟ್ ಹೊಡೆದುಹಾಕಿತು. ಈಗಲೂ ಆಯಾ ರಾಜ್ಯದ ಕಾನೂನೇ ನಡೆಯುವುದು.

ವೇವರ್_ಎರಡನೇ_ವರ್ಷ

ನಾನು ಎಚ್-1ಬಿಯಲ್ಲಿ, ನಾರ್ತ್ ಡಕೋಟಾದಲ್ಲಿ ಕಾನ್ರಾಡ್ ವೇವರ್ (ಜೆ-1 ವೇವರ್‌ನ ಒಂದು ಬಗೆ) ಮಾಡುತ್ತಿದ್ದೇನೆ. ಬಿಡುವಿನ ವಾರದಲ್ಲಿ ಲೋಕಮ್ ಮಾಡಬಹುದಾ? ಒಬ್ಬ ರಿಕ್ರೂಟರ್ "ಏನೂ ತೊಂದರೆ ಇಲ್ಲ" ಅಂದರು.

ಅರ್ಜಿ_ಬಾಕಿ

ಮಾಡಬೇಡಿ. ದಯವಿಟ್ಟು ಮಾಡಬೇಡಿ. ರಿಕ್ರೂಟರ್‌ಗೆ ತೊಂದರೆ ಇಲ್ಲ, ತೊಂದರೆ ಇರುವುದು ನಿಮಗೆ.

ಎಚ್-1ಬಿ ಇರುವುದು ಅರ್ಜಿ ಹಾಕಿದ ಆ ಒಬ್ಬ ಉದ್ಯೋಗದಾತರಿಗಾಗಿ. ಲೋಕಮ್ ಅಂದರೆ 1099 ತೆರಿಗೆ ಫಾರ್ಮ್ ಮೇಲಿನ ಕೆಲಸ, ಅಂದರೆ ನೀವು ಸ್ವತಂತ್ರ ಗುತ್ತಿಗೆದಾರರು. ಎಚ್-1ಬಿಯಲ್ಲಿ ಅದಕ್ಕೆ ಅವಕಾಶ ಇಲ್ಲ. ಎರಡನೇ ಆಸ್ಪತ್ರೆಯವರು ಪ್ರತ್ಯೇಕವಾಗಿ ಕನ್‌ಕರೆಂಟ್ ಎಚ್-1ಬಿ ಹಾಕಿ, ಡಬ್ಲ್ಯೂ-2 (ಸಂಬಳದ ನೌಕರ) ಮೇಲೆ ತೆಗೆದುಕೊಂಡರೆ ಮಾತ್ರ ದಾರಿ. ಅನುಮತಿ ಇಲ್ಲದೆ ಕೆಲಸ ಮಾಡಿದ ದಾಖಲೆ ಉಳಿದರೆ ಮುಂದೆ ಗ್ರೀನ್ ಕಾರ್ಡ್ ಅರ್ಜಿಗೇ ಕುತ್ತು.

ಕಾನ್ರಾಡ್ ವೇವರ್‌ನಲ್ಲಿ ಮೂರು ವರ್ಷ ಪೂರ್ತಿ ಸಮಯ ಆ ಜಾಗದಲ್ಲೇ ಕೆಲಸ ಮಾಡಬೇಕು. ನಿಮ್ಮ ಈಗಿನ ರಾಜ್ಯದ ಸೆನೆಟರ್ ಆಗಿದ್ದ ಕೆಂಟ್ ಕಾನ್ರಾಡ್ ಹೆಸರಲ್ಲೇ 1994ರಲ್ಲಿ ಶುರುವಾದ ಯೋಜನೆ ಅದು. ಈಗ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ಸ್ಥಾನ. ಅಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನು ಒಂದು ವಾರದ ಹಣಕ್ಕೆ ಕಳೆದುಕೊಳ್ಳಬೇಡಿ. ನ್ಯಾಷನಲ್ ಇಂಟರೆಸ್ಟ್ ವೇವರ್ (ಡಾಕ್ಟರ್ ಕೊರತೆ ಇರುವ ಕಡೆ ಕೆಲಸ ಮಾಡಿ ಗ್ರೀನ್ ಕಾರ್ಡ್ ಪಡೆಯುವ) ದಾರಿಯಲ್ಲಿ ಹೋಗುವವರಿಗೆ ಐದು ವರ್ಷದ ಲೆಕ್ಕ. ಇಎಡಿ (ಕೆಲಸದ ಅನುಮತಿ ಪತ್ರ) ಬಂದಮೇಲೂ ಆ ಐದು ವರ್ಷ ಮುಗಿಸಲೇಬೇಕು. ಒಳ್ಳೆಯ ಇಮಿಗ್ರೇಷನ್ ವಕೀಲರನ್ನು ಕೇಳಿ, ರಿಕ್ರೂಟರ್‌ನ ಅಲ್ಲ.

ವೇವರ್_ಎರಡನೇ_ವರ್ಷ

ಥ್ಯಾಂಕ್ಸ್. ಆ ರಿಕ್ರೂಟರ್‌ಗೆ ಈಗಲೇ ಇಲ್ಲ ಎಂದು ಹೇಳಿದೆ.

ಊರಿನ_ಡಾಕ್ಟರ್

ಎಲ್ಲರೂ ಹಣ, ಕಾಂಟ್ರ್ಯಾಕ್ಟ್ ಅಂತಲೇ ಮಾತಾಡುತ್ತಿದ್ದೀರಿ. ರೋಗಿಗಳ ಕಡೆಯಿಂದ ಒಂದು ಮಾತು ಹೇಳಲೇಬೇಕು.

ನಾನು ಕಾನ್ಸಸ್‌ನ ಒಂದು ಕ್ರಿಟಿಕಲ್ ಆಕ್ಸೆಸ್ (ಹಳ್ಳಿಗಾಡಿನ ಸಣ್ಣ) ಆಸ್ಪತ್ರೆಯಲ್ಲಿ ಇದ್ದೇನೆ. 25 ಹಾಸಿಗೆ, ಅಷ್ಟೇ. ನಮ್ಮಲ್ಲಿಗೆ ವಾರಕ್ಕೊಬ್ಬ ಲೋಕಮ್ ಡಾಕ್ಟರ್ ಬರುತ್ತಾರೆ. ಊರಲ್ಲಿ ಯಾರ ಮನೆಯಲ್ಲಿ ಯಾರಿದ್ದಾರೆ, ಯಾವ ಅಜ್ಜಿ ಮಾತ್ರೆ ಬಿಟ್ಟುಬಿಡುತ್ತಾರೆ, ಹೆಲಿಕಾಪ್ಟರ್ ಯಾವಾಗ ಬರಲ್ಲ, ಇದೊಂದೂ ಅವರಿಗೆ ಗೊತ್ತಿರಲ್ಲ. ಸೋಮವಾರ ಬೆಳಿಗ್ಗೆ ನಾನು ಬಂದಾಗ ಅರ್ಧ ಡಿಸ್ಚಾರ್ಜ್ ಹಾಗೇ ಬಾಕಿ ಇರುತ್ತದೆ. "ನಿಮಗೆ ಗೊತ್ತಿರುವ ರೋಗಿ, ನೀವೇ ನೋಡಿ" ಎಂದು ಹೊರಟುಬಿಡುತ್ತಾರೆ. ಅವರಿಗೆ ನನ್ನ ಎರಡರಷ್ಟು ಸಂಬಳ. ಆ ಹಣದಲ್ಲಿ ಆಸ್ಪತ್ರೆ ಇನ್ನೊಬ್ಬ ಪರ್ಮನೆಂಟ್ ಡಾಕ್ಟರನ್ನು ತೆಗೆದುಕೊಳ್ಳಬಹುದಿತ್ತು.

ಬಿಗ್‌ಸ್ಕೈ_ಹಾಸನ

ಸರ್, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ತೆಗೆದುಕೊಳ್ಳಲು ಡಾಕ್ಟರ್ ಸಿಗುತ್ತಿದ್ದರೆ ಅವರು ಏಜೆನ್ಸಿಗೆ ಫೋನ್ ಮಾಡುತ್ತಿರಲಿಲ್ಲ. ಅಮೆರಿಕದಲ್ಲಿ ಈ ವ್ಯವಸ್ಥೆ ಬೆಳೆದದ್ದೇ ಹಳ್ಳಿಗಳಿಂದ. 1970ರ ದಶಕದಲ್ಲಿ ಯೂಟಾ ವಿಶ್ವವಿದ್ಯಾಲಯದವರು ರಾಬರ್ಟ್ ವುಡ್ ಜಾನ್ಸನ್ ಫೌಂಡೇಶನ್ ನೆರವು ಪಡೆದು, ಪಶ್ಚಿಮದ ಹಳ್ಳಿಗಾಡಿಗೆ ಬದಲಿ ಡಾಕ್ಟರನ್ನು ಕಳಿಸಲು ಶುರು ಮಾಡಿದರು. ಅಲ್ಲಿಂದಲೇ 1979ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಕಾಂಪ್‌ಹೆಲ್ತ್ ಹುಟ್ಟಿತು. ಹಳ್ಳಿಯ ಒಬ್ಬನೇ ಡಾಕ್ಟರ್ ರಜೆ ಹಾಕಲಿ ಎಂಬುದೇ ಮೂಲ ಉದ್ದೇಶ.

ನಾನು ಹೋಗುವ ಊರಿನಲ್ಲೂ ಅಷ್ಟೇ. ಅಲ್ಲಿನ ಡಾಕ್ಟರ್ ಮಗಳ ಗ್ರಾಜುಯೇಷನ್‌ಗೆ ಹೋಗಿಬರಲು ಸಾಧ್ಯವಾದದ್ದು ನಾನು ಅಲ್ಲಿದ್ದೆ ಎಂದು.

ಬೆಣ್ಣೆದೋಸೆ_ದಾವಣಗೆರೆ

ಲೋಕಮ್ ಡಾಕ್ಟರ್ ಬಂದರೆ ರೋಗಿಗಳಿಗೆ ಕೆಡುಕಾಗುತ್ತದಾ ಎಂಬುದರ ಮೇಲೆ 2017ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂದಿದೆ. ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ವಿಮೆ) ರೋಗಿಗಳು, 2009ರಿಂದ 2014ರವರೆಗಿನ ಅಡ್ಮಿಷನ್‌ಗಳು. 30 ದಿನದ ಸಾವಿನ ಪ್ರಮಾಣ ಲೋಕಮ್ ಫಿಸಿಷಿಯನ್‌ಗಳ ಕೈಯಲ್ಲಿ 8.83%, ಉಳಿದವರ ಕೈಯಲ್ಲಿ 8.70%. ಗಣನೀಯ ವ್ಯತ್ಯಾಸ ಇಲ್ಲ.

ಊರಿನ_ಡಾಕ್ಟರ್

ಆ ಪೇಪರ್ ನಾನೂ ಓದಿದ್ದೇನೆ. ಪೂರ್ತಿ ಹೇಳಿ. ಲೋಕಮ್ ಡಾಕ್ಟರ್ ನೋಡಿದವರು ಆಸ್ಪತ್ರೆಯಲ್ಲಿ ಜಾಸ್ತಿ ದಿನ ಉಳಿದರು, ಖರ್ಚೂ ಜಾಸ್ತಿಯಾಯಿತು. ಲೋಕಮ್‌ಗಳನ್ನು ಅಪರೂಪಕ್ಕೆ ಕರೆಸುವ ಆಸ್ಪತ್ರೆಗಳಲ್ಲಿ ಸಾವು ಕೂಡ ಜಾಸ್ತಿ ಇತ್ತು. ಅದೇ ನನ್ನ ಮಾತು. ಹೊಸಬರನ್ನು ಹೇಗೆ ಒಳಗೆ ತರಬೇಕು ಎಂದು ಗೊತ್ತಿಲ್ಲದ ಕಡೆ ಅಪಾಯ ಇದೆ.

ಬೆಣ್ಣೆದೋಸೆ_ದಾವಣಗೆರೆ

ಇದು ನಿಜ, ಒಪ್ಪುತ್ತೇನೆ. ರೀಅಡ್ಮಿಷನ್ ಮಾತ್ರ ಲೋಕಮ್ ಕಡೆ ಸ್ವಲ್ಪ ಕಡಿಮೆಯೇ ಇತ್ತು. ಅಂದರೆ ತುಂಗಾತೀರ ಅವರು ಕೇಳಬೇಕಾದ ಇನ್ನೊಂದು ಪ್ರಶ್ನೆ ಸಿಕ್ಕಿತು: ಓರಿಯಂಟೇಷನ್ ಎಷ್ಟು ಹೊತ್ತು, ಅದಕ್ಕೆ ಹಣ ಕೊಡುತ್ತಾರಾ, ಎಪಿಕ್‌ನೋ ಬೇರೆ ಯಾವುದೋ ರೆಕಾರ್ಡ್ ಸಿಸ್ಟಮ್‌ನ ಲಾಗಿನ್ ಮೊದಲ ದಿನವೇ ಇರುತ್ತದಾ?

ಊರಿನ_ಡಾಕ್ಟರ್

ಲಾಗಿನ್ ಇಲ್ಲದೆ ಬಂದು ಮಧ್ಯಾಹ್ನದವರೆಗೆ ಐಟಿಯವರಿಗೆ ಫೋನ್ ಮಾಡುತ್ತಾ ಕೂತವರನ್ನು ನೋಡಿದ್ದೇನೆ. ಅದು ಅವರ ತಪ್ಪಲ್ಲ, ನಮ್ಮ ಆಸ್ಪತ್ರೆಯದು.

ತುಂಗಾತೀರ ಅವರೇ, ನೀವು ಹೋದರೆ ಇಷ್ಟು ಮಾಡಿ. ಹೊರಡುವ ದಿನ ಮುಂದಿನವರಿಗೆ ಫೋನ್‌ನಲ್ಲಿ ಹ್ಯಾಂಡ್‌ಓವರ್ ಕೊಡಿ. ಬರೆದಿಟ್ಟರೆ ಸಾಕಾಗಲ್ಲ.

ಲೆಕ್ಕದ_ಪುಸ್ತಕ

ನಾನು ಸಿಪಿಎ (ಲೆಕ್ಕ ಪರಿಶೋಧಕಿ), ಗಂಡ ಅರಿವಳಿಕೆ ಡಾಕ್ಟರ್, ಲೋಕಮ್ ಮಾಡುತ್ತಾರೆ. ತೆರಿಗೆ ವಿಷಯ ಹೇಳುತ್ತೇನೆ.

170 ಡಾಲರ್ ಅಂದರೆ ಕೈಗೆ ಬರುವ ಹಣ ಅಲ್ಲ. ಏಜೆನ್ಸಿ ತೆರಿಗೆ ಹಿಡಿಯಲ್ಲ. ಈಗ ನಿಮ್ಮ ಆಸ್ಪತ್ರೆ ಕಟ್ಟುವ ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ ತೆರಿಗೆಯ ಅರ್ಧ ಭಾಗವನ್ನೂ ನೀವೇ ಕಟ್ಟಬೇಕು. ಒಟ್ಟು 15.3%. ಅದರಲ್ಲಿ ಸೋಷಿಯಲ್ ಸೆಕ್ಯೂರಿಟಿ ಪಾಲು 2025ಕ್ಕೆ 1,76,100 ಡಾಲರ್ ಆದಾಯದವರೆಗೆ ಮಾತ್ರ ಇತ್ತು. ಅದರ ಮೇಲಿನ ಆದಾಯಕ್ಕೆ ಮೆಡಿಕೇರ್ ಪಾಲು ಮಾತ್ರ ಮುಂದುವರಿಯುತ್ತದೆ. ಜೊತೆಗೆ ಆದಾಯ ತೆರಿಗೆ. ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ ತಿಂಗಳ 15ಕ್ಕೆ ಅಂದಾಜು ತೆರಿಗೆ ಕಟ್ಟಬೇಕು. ತಪ್ಪಿದರೆ ದಂಡ. ಬಂದ ಪ್ರತಿ ಚೆಕ್ಕಿನಲ್ಲಿ ಮೂರನೇ ಒಂದು ಭಾಗವನ್ನು ಬೇರೆ ಖಾತೆಗೆ ಹಾಕಿಬಿಡಿ, ಅದು ನಿಮ್ಮದಲ್ಲ ಎಂದೇ ತಿಳಿಯಿರಿ.

ಒಳ್ಳೆಯದೂ ಇದೆ. ಲೈಸೆನ್ಸ್ ಶುಲ್ಕ, ಸಿಎಂಇ (ಡಾಕ್ಟರ ಮುಂದುವರಿದ ಶಿಕ್ಷಣ), ಕೈಯಿಂದ ಹಾಕಿದ ಪ್ರಯಾಣ ಖರ್ಚು ಕಳೆಯಬಹುದು. ಸೋಲೋ 401(ಕೆ)ಯಲ್ಲಿ (ಸ್ವಂತ ಉದ್ಯೋಗದವರ ನಿವೃತ್ತಿ ಉಳಿತಾಯ) 2025ಕ್ಕೆ, 50 ವರ್ಷದ ಒಳಗಿನವರು 70,000 ಡಾಲರ್ ತನಕ ಹಾಕಬಹುದಿತ್ತು. ಪ್ರಯಾಣ ಖರ್ಚಿಗೆ ಒಂದು ಷರತ್ತು. ಒಂದೇ ಜಾಗದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇರುವ ಲೆಕ್ಕದಲ್ಲಿ ಹೋದರೆ ಅದನ್ನು ತಾತ್ಕಾಲಿಕ ಎಂದು ತೆರಿಗೆ ಇಲಾಖೆ ಐಆರ್‌ಎಸ್ ಒಪ್ಪಲ್ಲ.

ಆರೋಗ್ಯ ವಿಮೆ ಮರೆಯಬೇಡಿ. ಏಜೆನ್ಸಿ ಕೊಡಲ್ಲ. ಗಂಡನ ಕೆಲಸದ ಕಡೆಯಿಂದ ಇದ್ದರೆ ಬಚಾವ್. ಇಲ್ಲದಿದ್ದರೆ ಕೋಬ್ರಾ (ಹಳೆಯ ಕೆಲಸದ ವಿಮೆಯನ್ನೇ ಸ್ವಂತ ಹಣದಲ್ಲಿ ಮುಂದುವರಿಸುವುದು), ಅದು ಸಾಮಾನ್ಯವಾಗಿ 18 ತಿಂಗಳವರೆಗೆ, ಇಲ್ಲವೇ ಸರ್ಕಾರದ ವಿಮಾ ಮಾರ್ಕೆಟ್‌ಪ್ಲೇಸ್.

ಕಾವೇರಿ_ಟು_ಕೊಲರಾಡೋ

ಸೌತ್ ಡಕೋಟಾದಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಆ ಲೆಕ್ಕದಲ್ಲಿ 170 ಅಷ್ಟೇನೂ ಕಡಿಮೆ ಅಲ್ಲ!

ಲೆಕ್ಕದ_ಪುಸ್ತಕ

ಅವರ ಮನೆ ಒಹಾಯೋದಲ್ಲಿ ಇದೆ. ಒಹಾಯೋ ನಿವಾಸಿ ಎಲ್ಲಿ ದುಡಿದರೂ ಒಹಾಯೋಗೆ ತೆರಿಗೆ ಕಟ್ಟಬೇಕು. ಸೌತ್ ಡಕೋಟಾದಲ್ಲಿ ತೆರಿಗೆ ಇಲ್ಲದಿದ್ದರೆ ಅಲ್ಲಿನ ರಿಟರ್ನ್ ತುಂಬುವ ಕೆಲಸ ತಪ್ಪುತ್ತದೆ, ಅಷ್ಟೇ. ಮಿನೆಸೋಟಾದಂಥ ಕಡೆ ಹೋದರೆ ಅಲ್ಲಿಗೂ ರಿಟರ್ನ್ ತುಂಬಿ ಇಲ್ಲಿ ಕ್ರೆಡಿಟ್ ತೆಗೆದುಕೊಳ್ಳಬೇಕು.

ತುಂಗಾತೀರ

ಇಷ್ಟೊಂದು ಜನ ಬರೆದಿದ್ದೀರಿ, ತುಂಬಾ ಖುಷಿಯಾಯಿತು. ಟೇಲ್ ಬಗ್ಗೆ ಹುಡುಕಿದೆ. "ಏಜೆನ್ಸಿ ಒದಗಿಸುತ್ತದೆ" ಎಂದು ಅನುಬಂಧದಲ್ಲಿ ಇದೆ. ಬೈಔಟ್ ಹಣ ಯಾರು ಕೊಡಬೇಕು ಎಂದು ಇಲ್ಲ. ಗಂಡನ ಕಂಪನಿಯಲ್ಲಿ ವಿಮೆ ಇದೆ.

ಲೈಸೆನ್ಸ್ ವಿಷಯ ಯಾರಾದರೂ ಹೇಳಿ. ಈಗ ಅರ್ಜಿ ಹಾಕಿದರೆ ಯಾವಾಗ ಕೆಲಸ ಶುರು ಮಾಡಬಹುದು? ರಿಕ್ರೂಟರ್ ಮುಂದಿನ ತಿಂಗಳು ಅನ್ನುತ್ತಾರೆ.

ಗ್ಯಾಲಪ್_ಗೌಡ್ತಿ

ಮುಂದಿನ ತಿಂಗಳಾ? ಆಗುವುದು ಕಷ್ಟ.

ಒಹಾಯೋ, ಸೌತ್ ಡಕೋಟಾ ಎರಡೂ ಇಂಟರ್‌ಸ್ಟೇಟ್ ಮೆಡಿಕಲ್ ಲೈಸೆನ್ಷರ್ ಕಾಂಪ್ಯಾಕ್ಟ್‌ನಲ್ಲಿ ಇವೆ. ಅದು ಒಂದು ರಾಜ್ಯದ ಲೈಸೆನ್ಸ್ ಇದ್ದವರಿಗೆ ಬೇರೆ ರಾಜ್ಯದ್ದನ್ನು ಬೇಗ ಕೊಡುವ ಒಪ್ಪಂದ. 2017ರಿಂದ ಅದರ ಮೂಲಕ ಲೈಸೆನ್ಸ್ ಕೊಡುತ್ತಿದ್ದಾರೆ. ಭಾರತದಲ್ಲಿ ಎಂಬಿಬಿಎಸ್ ಮಾಡಿದವರಿಗೂ ಆಗುತ್ತದೆ. ಇಸಿಎಫ್‌ಎಂಜಿ (ವಿದೇಶಿ ಪದವಿಯ ಮಾನ್ಯತೆ), ಇಲ್ಲಿನ ರೆಸಿಡೆನ್ಸಿ (ಆಸ್ಪತ್ರೆ ತರಬೇತಿ), ಬೋರ್ಡ್ ಸರ್ಟಿಫಿಕೇಷನ್ ಇರಬೇಕು, ಯುಎಸ್‌ಎಂಎಲ್‌ಇ ಲೈಸೆನ್ಸ್ ಪರೀಕ್ಷೆಯ ಪ್ರತಿ ಹಂತವೂ ಮೂರು ಪ್ರಯತ್ನದೊಳಗೆ ಪಾಸಾಗಿರಬೇಕು. 700 ಡಾಲರ್ ಕಾಂಪ್ಯಾಕ್ಟ್‌ಗೆ, ಮೇಲೆ ಆಯಾ ರಾಜ್ಯದ ಶುಲ್ಕ. ಇದನ್ನು ಏಜೆನ್ಸಿ ಕೊಡುವುದು ವಾಡಿಕೆ, ಕೇಳಿ. ಲೈಸೆನ್ಸ್ ಬೇಗ ಬರಬಹುದು. ಕ್ಯಾಲಿಫೋರ್ನಿಯಾ ಇದರಲ್ಲಿ ಇಲ್ಲ, ಅದಕ್ಕೆ ಬೇರೆ ದಾರಿಯೇ ಹಿಡಿಯಬೇಕು.

ಡಿಇಎ (ನಿಯಂತ್ರಿತ ಔಷಧಿ ಬರೆಯಲು ಬೇಕಾದ ಫೆಡರಲ್ ನೋಂದಣಿ) ಕೂಡ ಆಯಾ ರಾಜ್ಯಕ್ಕೆ ಬೇರೆ. ಮೂರು ವರ್ಷಕ್ಕೆ 888 ಡಾಲರ್. ಆಸ್ಪತ್ರೆಯ ಒಳಗೆ ಮಾತ್ರ ಕೆಲಸವಾದರೆ ಕೆಲವು ಕಡೆ ಆಸ್ಪತ್ರೆಯ ಡಿಇಎ ಸಂಖ್ಯೆಯ ಕೆಳಗೇ ನಡೆಸುತ್ತಾರೆ.

ತಡವಾಗುವುದು ಅಲ್ಲಿ ಕೆಲಸ ಮಾಡಲು ಆಸ್ಪತ್ರೆ ಕೊಡುವ ಅನುಮತಿಯಲ್ಲಿ, ಅಂದರೆ ಪ್ರಿವಿಲೇಜಿಂಗ್‌ನಲ್ಲಿ. ಎರಡರಿಂದ ನಾಲ್ಕು ತಿಂಗಳು ಹಿಡಿಯುವುದು ಸಾಮಾನ್ಯ. ರೆಸಿಡೆನ್ಸಿ ಕಾಗದ, ರೆಫರೆನ್ಸ್, ಲಸಿಕೆ ದಾಖಲೆ, ಕೆಲಸದಲ್ಲಿ ಖಾಲಿ ಬಿಟ್ಟ ತಿಂಗಳುಗಳ ವಿವರಣೆ ಎಲ್ಲ ಬೇಕು. ಮೈಸೂರು, ಹುಬ್ಬಳ್ಳಿ, ಬೆಳಗಾವಿ ಕಡೆಯ ಕಾಲೇಜಿನವರು ಡಿಗ್ರಿ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್‌ಗಳನ್ನು ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ರೆಫರೆನ್ಸ್ ಕೊಡುವ ಸಹೋದ್ಯೋಗಿಗಳಿಗೆ ಮೊದಲೇ ಹೇಳಿಡಿ. ಅವರು ಫಾರ್ಮ್ ತುಂಬದೆ ತಿಂಗಳುಗಟ್ಟಲೆ ನಿಂತುಹೋದ ಫೈಲ್‌ಗಳನ್ನು ನೋಡಿದ್ದೇನೆ.

ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವುದು ಪ್ರಿವಿಲೇಜ್ ಕಾಗದ ಕೈಗೆ ಬಂದಮೇಲೆ. ಮೊದಲು ಅಲ್ಲ.

ರಾತ್ರಿಪಾಳಿ

ನೀವು ನ್ಯೂ ಮೆಕ್ಸಿಕೋದ ಗ್ಯಾಲಪ್‌ನಲ್ಲಿ ಇದ್ದೀರಾ? ನವಾಹೋ ಕಡೆ, ಅಮೆರಿಕದ ಮೂಲನಿವಾಸಿಗಳಿಗಾಗಿ ಇರುವ ಫೆಡರಲ್ ಇಂಡಿಯನ್ ಹೆಲ್ತ್ ಸರ್ವೀಸ್‌ಗೆ ಆ ರಾಜ್ಯದ ಲೈಸೆನ್ಸೇ ಬೇಡವಂತೆ, ಹೌದಾ?

ಗ್ಯಾಲಪ್_ಗೌಡ್ತಿ

ಹೌದು. ಫೆಡರಲ್ ಆಸ್ಪತ್ರೆಗಳಲ್ಲಿ ಯಾವುದಾದರೂ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ಸಾಕು. ವಿಎ (ಮಾಜಿ ಸೈನಿಕರ) ಆಸ್ಪತ್ರೆಗಳಿಗೂ ಅದೇ. ಹೊಸ ಲೈಸೆನ್ಸ್‌ಗೆ ಕಾಯಲು ಇಷ್ಟವಿಲ್ಲದವರು ಮೊದಲ ಕೆಲಸವನ್ನು ಅಲ್ಲೇ ನೋಡಬಹುದು. ಕೆಲಸ ತೃಪ್ತಿ ಕೊಡುತ್ತದೆ. ಕಾಯಿಲೆ ಮುಂದುವರಿದ ಮೇಲೆ ಬರುವ ರೋಗಿಗಳು ಜಾಸ್ತಿ. ಮನೆಗೆ ನಲ್ಲಿ ನೀರು ಇಲ್ಲದವರು ಇದ್ದಾರೆ. ಇಲ್ಲಿಗೆ ಬರುವವರು ಹಣದ ಲೆಕ್ಕ ಒಂದನ್ನೇ ಇಟ್ಟುಕೊಂಡು ಬರಬೇಡಿ.

ಕಾವೇರಿ_ಟು_ಕೊಲರಾಡೋ

ಲೋಕಮ್ ಡಾಕ್ಟರ್ ಒಂದು ಕಡೆ 60 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ ಎಂದು ಕೇಳಿದ್ದೇನೆ. ಅದು ಹೇಗೆ?

ಹಿಂದೆ_ಏಜೆನ್ಸಿಯಲ್ಲಿದ್ದೆ

ಅದು ನೀವು ಎಷ್ಟು ದಿನ ಇರಬಹುದು ಎಂಬ ನಿಯಮ ಅಲ್ಲ, ಬಿಲ್ಲಿಂಗ್ ನಿಯಮ. ರಜೆ ಮೇಲಿರುವ ಡಾಕ್ಟರ್ ಹೆಸರಲ್ಲೇ ಮೆಡಿಕೇರ್‌ಗೆ ಕ್ಯೂ6 ಮಾಡಿಫೈಯರ್ (ಬದಲಿ ಡಾಕ್ಟರ್ ಎಂದು ತೋರಿಸುವ ಕೋಡ್) ಹಾಕಿ ಬಿಲ್ ಮಾಡಲು ಸತತ 60 ದಿನ ಅವಕಾಶ. ಅದಕ್ಕಿಂತ ಜಾಸ್ತಿ ಇದ್ದರೆ ನಿಮ್ಮನ್ನೇ ಮೆಡಿಕೇರ್‌ನಲ್ಲಿ ಸೇರಿಸಿ ನಿಮ್ಮ ಹೆಸರಲ್ಲಿ ಬಿಲ್ ಮಾಡುತ್ತಾರೆ. ಅಷ್ಟೇ.

ಬರ್ಮಿಂಗ್‌ಹ್ಯಾಮ್_ಬಂಟ್ವಾಳ

ಬ್ರಿಟನ್‌ನಲ್ಲಿ ಇರುವವರಿಗಾಗಿ ಎರಡು ಸಾಲು. ಇಲ್ಲಿ ಏಜೆನ್ಸಿಗಿಂತ ಮೊದಲು ಆಸ್ಪತ್ರೆಯ ಸ್ವಂತ 'ಬ್ಯಾಂಕ್' (ತಾತ್ಕಾಲಿಕ ಸಿಬ್ಬಂದಿಯ ಪಟ್ಟಿ) ನೋಡಿ. 2015ರ ನವೆಂಬರ್‌ನಿಂದ ಏಜೆನ್ಸಿ ದರಕ್ಕೆ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಮಿತಿ ಹಾಕಿದೆ. 2017ರ ಏಪ್ರಿಲ್‌ನಲ್ಲಿ ಐಆರ್35 ತೆರಿಗೆ ನಿಯಮ ಬದಲಾದ ಮೇಲೆ, ಸ್ವಂತ ಕಂಪನಿ ಇಟ್ಟುಕೊಂಡು ತೆರಿಗೆ ಉಳಿಸುತ್ತಿದ್ದವರಿಗೆ ಆ ದಾರಿ ಹೆಚ್ಚು ಕಡಿಮೆ ಮುಚ್ಚಿತು. ಮತ್ತೆ, ವೈದ್ಯರ ಮಂಡಳಿ ಜಿಎಂಸಿಯ ಲೈಸೆನ್ಸ್ ಮರುದೃಢೀಕರಣಕ್ಕೆ, ಅಂದರೆ ರೀವ್ಯಾಲಿಡೇಷನ್‌ಗೆ ನಿಮ್ಮ 'ಡೆಸಿಗ್ನೇಟೆಡ್ ಬಾಡಿ' (ಅದಕ್ಕೆ ಹೊಣೆಯಾದ ಸಂಸ್ಥೆ) ಯಾರು ಎಂದು ಖಚಿತ ಮಾಡಿಕೊಳ್ಳಿ. ಬರೀ ಲೋಕಮ್ ಮಾಡುವವರಿಗೆ ವರ್ಷದ ಅಪ್ರೈಸಲ್ ಮಾಡುವವರೇ ಸಿಗದೆ ಒದ್ದಾಟ ಆಗುತ್ತದೆ.

ಇಂಟರ್ನ್_ಬೆಂಗಳೂರು

ನಮ್ಮಲ್ಲಿ ಇಂಥ ಏಜೆನ್ಸಿ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಇಲ್ಲಿ ಡ್ಯೂಟಿ ಡಾಕ್ಟರ್ ಕೆಲಸ ಅಂದರೆ ವಾಟ್ಸಾಪ್ ಗ್ರೂಪ್‌ನಲ್ಲಿ "ಇವತ್ತು ನೈಟ್ ಬೇಕು" ಎಂದು ಒಂದು ಮೆಸೇಜ್. ಕಾಂಟ್ರ್ಯಾಕ್ಟ್ ಇಲ್ಲ, ಇನ್ಶೂರೆನ್ಸ್ ಇಲ್ಲ. ಒಂದು ನರ್ಸಿಂಗ್ ಹೋಮ್ ನನ್ನ ಸೀನಿಯರ್‌ಗೆ ಇವತ್ತಿಗೂ ಹಣ ಕೊಟ್ಟಿಲ್ಲ.

ಎರಡನೇ_ಅಭಿಪ್ರಾಯ

ತಮ್ಮಾ, ಇಂಡೆಮ್ನಿಟಿ ಪಾಲಿಸಿಯನ್ನು ನೀನೇ ತಗೋ, ಬೆಂಗಳೂರಲ್ಲೂ ಸಿಗುತ್ತದೆ. ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ನೋಂದಣಿ ಆಗುವ ತನಕ ಯಾವ ನರ್ಸಿಂಗ್ ಹೋಮ್‌ನಲ್ಲೂ ಒಬ್ಬನೇ ಡ್ಯೂಟಿ ಮಾಡಬೇಡ.

ಮೈನಾಟ್‌ನಿಂದ_ಬಂದವಳು

ತುಂಗಾತೀರ, ಚಳಿ ಬಗ್ಗೆ ಯಾರೂ ಹೇಳಲಿಲ್ಲ. ಬಾಡಿಗೆ ಕಾರು ಆಲ್-ವೀಲ್ ಡ್ರೈವ್ ಆಗಿರಬೇಕು ಎಂದು ಕಾಂಟ್ರ್ಯಾಕ್ಟ್‌ನಲ್ಲೇ ಬರೆಸಿ. ನಾರ್ತ್ ಡಕೋಟಾದಲ್ಲಿ ರಾತ್ರಿ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರನ್ನು ಪ್ಲಗ್ಗಿಗೆ ಚುಚ್ಚದಿದ್ದರೆ ಬೆಳಿಗ್ಗೆ ಕಾರು ಅಲ್ಲಾಡಲ್ಲ. ಸೌತ್‌ನಲ್ಲೂ ಜನವರಿ ಹಾಗೇ. ಹೋಟೆಲ್‌ನಲ್ಲಿ ಅಡುಗೆಮನೆ ಇರುವ ರೂಮೇ ಬೇಕು ಅನ್ನಿ. ಸಣ್ಣ ಕುಕ್ಕರ್, ಸಾರಿನ ಪುಡಿ, ಉಪ್ಪಿನಕಾಯಿ ಇದ್ದರೆ ಏಳು ದಿನ ಹೇಗೋ ಕಳೆಯುತ್ತದೆ.

ಬೆಣ್ಣೆದೋಸೆ_ದಾವಣಗೆರೆ

ಅವಲಕ್ಕಿ ಬಿಟ್ಟಿರಿ! ಗೊಜ್ಜವಲಕ್ಕಿ ಪುಡಿ ಒಂದು ಡಬ್ಬಿ ಇದ್ದರೆ ಬಿಸಿನೀರು ಸಾಕು.

ಮನೆಯಲ್ಲಿ_ಇರುವವನು

ನನ್ನ ಹೆಂಡತಿ ಲೋಕಮ್ ಸೈಕಿಯಾಟ್ರಿಸ್ಟ್. ಮನೆ ಕಡೆಯಿಂದ ಹೇಳುತ್ತೇನೆ. ವಾರ ಬಿಟ್ಟು ವಾರ ಒಬ್ಬರು ಇಲ್ಲದಿರುವುದು ಮಕ್ಕಳಿಗೆ ಸುಲಭ ಅಲ್ಲ. ಏಳು ದಿನ ಕೆಲಸ ಅಂದರೆ ಪ್ರಯಾಣ ಸೇರಿ ಒಂಬತ್ತು ದಿನ. ವಿಮಾನ ಮಿನಿಯಾಪೊಲಿಸ್‌ನಲ್ಲೋ ಡೆನ್ವರ್‌ನಲ್ಲೋ ಹಿಮಕ್ಕೆ ಸಿಕ್ಕಿಕೊಂಡರೆ ಹತ್ತು. ಅವಳು ಮನೆಗೆ ಬಂದ ಮೊದಲ ದಿನ ನಿದ್ದೆಯಲ್ಲೇ ಹೋಗುತ್ತದೆ. ಆದರೆ ಬೇಸಿಗೆಯಲ್ಲಿ ನಾವು ನಾಲ್ಕೂ ಜನ ಊರಿನಲ್ಲಿ ಬೇಕಾದಷ್ಟು ದಿನ ಇದ್ದು ಬರುತ್ತೇವೆ. ಮಕ್ಕಳಿಗೆ ಕನ್ನಡ ಬಂದದ್ದು ಆ ಬೇಸಿಗೆಗಳಲ್ಲೇ. ಹಾಗಾಗಿ ನಮಗೆ ಬೇಸರವಿಲ್ಲ.

ನಿಮ್ಮ ಗಂಡನನ್ನೂ ಕೂರಿಸಿಕೊಂಡು ಕ್ಯಾಲೆಂಡರ್ ನೋಡಿ ನಿರ್ಧಾರ ಮಾಡಿ.

ತುಂಗಾತೀರ

ಇವತ್ತು ರಿಕ್ರೂಟರ್ ಜೊತೆ ಮಾತಾಡಿದೆ. 30 ದಿನದ ಷರತ್ತನ್ನು ಎರಡೂ ಕಡೆಗೆ ಮಾಡಲು ಒಪ್ಪಿದರು, ರದ್ದಾದ ಪಾಳಿಗೆ ಹಣವೂ ಬರುತ್ತದೆ. ಬೈಔಟ್ ಆಸ್ಪತ್ರೆಯೇ ಕೊಡಬೇಕು ಎಂದು ಬರೆಯುತ್ತಾರೆ. ಎರಡು ವರ್ಷ ಇಳಿಸಲು ಒಪ್ಪಲಿಲ್ಲ, ಆದರೆ ಆ ಒಂದು ಆಸ್ಪತ್ರೆಗೆ ಮಾತ್ರ ಎಂದರು. ದರ 185. ರೋಗಿಗಳ ಸಂಖ್ಯೆಗೆ ಮಿತಿ ಬರೆದುಕೊಡಲು ಆಗಲ್ಲ, "ಸಾಮಾನ್ಯವಾಗಿ 15ರಿಂದ 18" ಎಂದು ಬಾಯಲ್ಲಿ ಹೇಳಿದರು.

ಗಂಡ ಕೂಡ ಇಲ್ಲಿನ ಉತ್ತರ ಎಲ್ಲ ಓದಿದರು. ಈಗಿನ ಕೆಲಸ ಬಿಡದೆ, ಮೊದಲು ಲೈಸೆನ್ಸ್‌ಗೆ ಅರ್ಜಿ ಹಾಕೋಣ ಎಂದು ಮಾತಾಡಿಕೊಂಡೆವು.

ಬಿಗ್‌ಸ್ಕೈ_ಹಾಸನ

ಒಳ್ಳೆಯದಾಯಿತು. ಆ 15ರಿಂದ 18 ಎಂಬುದನ್ನು ಇಮೇಲ್‌ನಲ್ಲಿ ಕಳಿಸಲು ಹೇಳಿ. ಆಮೇಲೆ, ಅಲ್ಲಿ ಈಗ ಕೆಲಸ ಮಾಡುತ್ತಿರುವ ಒಬ್ಬ ಹಾಸ್ಪಿಟಲಿಸ್ಟ್ ಜೊತೆ ನೇರವಾಗಿ ಹತ್ತು ನಿಮಿಷ ಮಾತಾಡಿಸಲು ಕೇಳಿ. ಅವರೇ ನಿಜವಾದ ಸಂಖ್ಯೆ ಹೇಳುತ್ತಾರೆ. ಏಜೆನ್ಸಿ ಒಪ್ಪದಿದ್ದರೆ ಸಹಿ ಹಾಕಬೇಡಿ.

ತುಂಗಾತೀರ

ಸರಿ, ಸೋಮವಾರ ಕೇಳುತ್ತೇನೆ.